ಕಬ್ಬಿನ ಗದ್ದೆಗೆ ಹೋದವರು, ರಬ್ಬರ್ ತೋಟಕ್ಕೆ ಹೋದವರು: ವೆಸ್ಟ್ ಇಂಡೀಸ್ ಮತ್ತು ಮಲೇಷ್ಯಾದ ಭಾರತೀಯ ಮೂಲದವರ ಆರ್ಥಿಕ ಸ್ಥಿತಿ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿ ಯಾರ ಬಗ್ಗೆ ಮಾತಾಡುತ್ತಿದ್ದೇವೆ?

ಬ್ರಿಟಿಷರ ಕಾಲದಲ್ಲಿ ಕೂಲಿಗಾಗಿ ಹಡಗು ಹತ್ತಿ ಹೋದ ಭಾರತೀಯರ ಇಂದಿನ ಪೀಳಿಗೆಗಳ ಬಗ್ಗೆ. ಒಂದು ಗುಂಪು ಕೆರಿಬಿಯನ್ ಸಮುದ್ರದ ಕಡೆ ಹೋಯಿತು. ಅದರಲ್ಲಿ ಹೆಚ್ಚಿನವರು ಇಳಿದದ್ದು ಗಯಾನಾ ಮತ್ತು ಟ್ರಿನಿಡಾಡ್‌ನಲ್ಲಿ. ಇನ್ನೊಂದು ಗುಂಪು ಬಂಗಾಳ ಕೊಲ್ಲಿ ದಾಟಿ ಮಲಯಕ್ಕೆ, ಅಂದರೆ ಇಂದಿನ ಮಲೇಷ್ಯಾಕ್ಕೆ ಹೋಯಿತು. ನಮ್ಮ ಓದುಗರಿಗೆ ಮೊದಲ ಗುಂಪು ಕ್ರಿಕೆಟ್‌ನಿಂದಾಗಿ ಪರಿಚಿತ: ರೋಹನ್ ಕನ್ಹಾಯ್, ಆಲ್ವಿನ್ ಕಾಳಿಚರಣ್, ಶಿವನಾರಾಯಣ್ ಚಂದ್ರಪಾಲ್, ಸುನಿಲ್ ನರೈನ್. ಕನ್ಹಾಯ್ ಮತ್ತು ಕಾಳಿಚರಣ್ ಇಬ್ಬರೂ ಗಯಾನಾದ ಪೋರ್ಟ್ ಮೊರಾಂಟ್ ಎಂಬ ಸಕ್ಕರೆ ಎಸ್ಟೇಟಿನ ಕಡೆಯವರು. ಆ ದೇಶದ ದೊಡ್ಡ ನಾಯಕ ಛೇಡಿ ಜಗನ್ ಹುಟ್ಟಿದ್ದೂ ಅಲ್ಲೇ. ಎರಡನೆಯ ಗುಂಪಿನ ಬಗ್ಗೆ ನಮ್ಮಲ್ಲಿ ಮಾತು ಕಡಿಮೆ, ಅವರು ನಮಗೆ ಎಷ್ಟೋ ಹತ್ತಿರದವರಾಗಿದ್ದರೂ.

ಇಬ್ಬರೂ ಹೋದದ್ದು ಒಂದೇ ಕರಾರಿನ ಮೇಲೆಯೇ?

ಅಲ್ಲ. ಮುಂದಿನ ನೂರು ವರ್ಷಗಳ ವ್ಯತ್ಯಾಸ ಇಲ್ಲಿಂದಲೇ ಶುರುವಾಗುತ್ತದೆ.

ವೆಸ್ಟ್ ಇಂಡೀಸ್‌ಗೆ ಹೋದವರು ಗಿರ್ಮಿಟಿಯರು, ಅಂದರೆ ಕರಾರಿಗೆ ಒಪ್ಪಿ ಹೋದ ಕೂಲಿಗಳು. 1838ರಲ್ಲಿ ಅಲ್ಲಿನ ಆಫ್ರಿಕನ್ ಗುಲಾಮರು ಪೂರ್ಣವಾಗಿ ಬಿಡುಗಡೆಯಾದರು. ಅದೇ ವರ್ಷದ ಮೇ 5ರಂದು ಭಾರತೀಯ ಕೂಲಿಗಳ ಮೊದಲ ತಂಡ ಗಯಾನಾದಲ್ಲಿ ಇಳಿಯಿತು. ಟ್ರಿನಿಡಾಡ್‌ಗೆ ಫಾತೆಲ್ ರಜಾಕ್ ಹಡಗು ಬಂದದ್ದು 1845ರ ಮೇ 30ರಂದು. ಮುಂದೆ 1917ರವರೆಗೆ ಗಯಾನಾಕ್ಕೆ ಸುಮಾರು 2,39,000 ಜನ, ಟ್ರಿನಿಡಾಡ್‌ಗೆ ಸುಮಾರು 1,44,000 ಜನ ಬಂದರು. ಹೆಚ್ಚಿನವರು ಕಲ್ಕತ್ತೆಯಿಂದ ಹೊರಟ ಬಿಹಾರ ಮತ್ತು ಪೂರ್ವ ಉತ್ತರ ಪ್ರದೇಶದವರು. ಮದ್ರಾಸಿನಿಂದ ಹೋದವರೂ ಇದ್ದರು, ಆದರೆ ಕಡಿಮೆ. ಐದು ವರ್ಷದ ಕರಾರು, ಲಿಖಿತ ಷರತ್ತುಗಳು. ಚೀಟಿಯಿಲ್ಲದೆ ಎಸ್ಟೇಟಿನ ಎಲ್ಲೆ ದಾಟಿದರೆ ಜೈಲು. ಕ್ರೂರ ಕರಾರು ಎನ್ನುವುದರಲ್ಲಿ ಎರಡು ಮಾತಿಲ್ಲ. ಆದರೆ ಅದಕ್ಕೊಂದು ಕೊನೆಯ ದಿನವಿತ್ತು. ಆ ದಿನ ದಾಟಿದರೆ ಕೂಲಿ ಸ್ವತಂತ್ರ.

ಮಲಯದಲ್ಲೂ ಆರಂಭದಲ್ಲಿ ಕರಾರು ಪದ್ಧತಿ ಇತ್ತು, 1910ರಲ್ಲಿ ಅದು ನಿಂತಿತು. ಆ ಹೊತ್ತಿಗೆ ರಬ್ಬರ್‌ಗೆ ಚಿನ್ನದ ಬೆಲೆ ಬಂದಿತ್ತು, ಜನರನ್ನು ಕರೆತರುವ ಕೆಲಸವನ್ನು ಕಂಗಾಣಿಗಳು ವಹಿಸಿಕೊಂಡಿದ್ದರು. ಕಂಗಾಣಿ ಎಂದರೆ ತೋಟದ ಕೂಲಿ ಮೇಸ್ತ್ರಿ. ಅವನು ತನ್ನ ಊರಿಗೇ ಹೋಗಿ, ತನ್ನ ಜಾತಿಯವರನ್ನು, ನೆಂಟರಿಷ್ಟರನ್ನು ಮುಂಗಡ ಕೊಟ್ಟು ಕರೆತರುತ್ತಿದ್ದ. ದಿನವೂ ಎಷ್ಟು ಜನ ಕೆಲಸಕ್ಕೆ ನಿಂತರೋ ಅಷ್ಟು ತಲೆಗೆ ಅವನಿಗೆ ಕಾಸು. ಕಾಗದದ ಮೇಲೆ ಈ ಕೂಲಿ ಯಾವಾಗ ಬೇಕಾದರೂ ಕೆಲಸ ಬಿಡಬಹುದಿತ್ತು. ಬಿಟ್ಟು ಎಲ್ಲಿಗೆ ಹೋಗಬೇಕು? ಸಾಲ ಕಂಗಾಣಿಯದು, ಮನೆ ಕಂಪನಿಯದು, ಅಕ್ಕಿ ತರುವ ಅಂಗಡಿಯೂ ತೋಟದ್ದೇ.

ವೆಸ್ಟ್ ಇಂಡೀಸ್‌ನವರಿಗೆ ಜಮೀನು ಸಿಕ್ಕಿದ್ದು ಹೇಗೆ?

ಔದಾರ್ಯದಿಂದಲ್ಲ, ಲೆಕ್ಕಾಚಾರದಿಂದ. ಹತ್ತು ವರ್ಷ ದುಡಿದ ಕೂಲಿಗೆ ಭಾರತಕ್ಕೆ ಮರಳುವ ಹಡಗಿನ ಖರ್ಚನ್ನು ಕೊಡಬೇಕಿತ್ತು. ಸುಮಾರು ಮೂರು ತಿಂಗಳ ಪಯಣ, ಖರ್ಚು ದೊಡ್ಡದು. ಆ ಹಣ ಉಳಿಸಲು ಟ್ರಿನಿಡಾಡ್ ಸರ್ಕಾರ 1869ರಿಂದ ಹೊಸ ದಾರಿ ಹಿಡಿಯಿತು: ಮರಳುವ ಹಕ್ಕು ಬಿಟ್ಟುಕೊಡು, ಬದಲಿಗೆ ಹತ್ತು ಎಕರೆ ಸರ್ಕಾರಿ ಜಮೀನು ತೆಗೆದುಕೋ. ಮುಂದೆ ಇದು ಐದು ಎಕರೆ ಮತ್ತು ಐದು ಪೌಂಡ್ ನಗದಾಯಿತು, 1880ರಲ್ಲಿ ನಿಂತಿತು. ಆಮೇಲೂ ಜನ ಕೂಲಿಯಲ್ಲಿ ಉಳಿಸಿದ ಹಣದಿಂದ ಸರ್ಕಾರಿ ಭೂಮಿ ಕೊಂಡರು. ತೋಟದ ಮಾಲೀಕರಿಗೂ ಇದು ಒಪ್ಪಿತ್ತು. ಎಸ್ಟೇಟಿನ ಪಕ್ಕದಲ್ಲೇ ಹಳ್ಳಿ ಕಟ್ಟಿಕೊಂಡವರು ಕಟಾವಿನ ಕಾಲಕ್ಕೆ ಕೂಲಿಗೆ ಸಿಗುತ್ತಿದ್ದರಲ್ಲ!

ಆ ಜಮೀನಿನಲ್ಲಿ ಬಹಳಷ್ಟು ಕಾಡು, ಜೌಗು. ಕರೋನಿ ಮತ್ತು ಒರೊಪೂಷ್ ಕಡೆಯ ಜೌಗು ನೆಲವನ್ನು ಭತ್ತದ ಗದ್ದೆ ಮಾಡಿದವರು ಈ ಜನ. ಇಪ್ಪತ್ತನೆಯ ಶತಮಾನದ ಹೊತ್ತಿಗೆ ಸ್ವಂತ ನೆಲದಲ್ಲಿ ಕಬ್ಬು ಬೆಳೆದು ಕಾರ್ಖಾನೆಗೆ ಮಾರುವ ಸಣ್ಣ ರೈತರ ಒಂದು ವರ್ಗವೇ ಎದ್ದು ನಿಂತಿತು. ಉಳಿತಾಯ ಹೆಂಗಸರ ಕೈಯಲ್ಲಿ ಬೆಳ್ಳಿಯ ಬಳೆಯಾಗಿ ಇರುತ್ತಿತ್ತು; ನಾಣ್ಯ ಕರಗಿಸಿ ಮಾಡಿಸಿದ ಆ ಬಳೆ ಬೇಕಾದಾಗ ಎಕರೆಯಾಗಿ ಬದಲಾಗುತ್ತಿತ್ತು. ಗಯಾನಾದಲ್ಲಿ ಭತ್ತವೇ ದೊಡ್ಡ ಬೆಳೆಯಾಯಿತು. ಇಂದಿಗೂ ಅಲ್ಲಿನ ಅಕ್ಕಿ ರಫ್ತಿನ ಬೆನ್ನೆಲುಬು ಭಾರತೀಯ ಮೂಲದ ರೈತರೇ.

ಮಲಯದಲ್ಲಿ ಹಾಗೇಕೆ ಆಗಲಿಲ್ಲ?

ಮೊದಲನೆಯದು ದೂರ. ನಾಗಪಟ್ಟಣದಿಂದಲೋ ಮದ್ರಾಸಿನಿಂದಲೋ ಉಗಿಹಡಗು ಹತ್ತಿದರೆ ಒಂದು ವಾರದಲ್ಲಿ ಪಿನಾಂಗ್. ಬೇಕಾದಾಗ ಕರೆಸಿ, ಬೇಡವಾದಾಗ ಕಳಿಸುವುದು ಸುಲಭ. 1930ರ ಆರ್ಥಿಕ ಕುಸಿತದಲ್ಲಿ ರಬ್ಬರ್ ಬೆಲೆ ನೆಲಕಚ್ಚಿದಾಗ ಲಕ್ಷಕ್ಕೂ ಹೆಚ್ಚು ಕೂಲಿಗಳನ್ನು ಹೀಗೆಯೇ ಭಾರತಕ್ಕೆ ವಾಪಸು ಕಳಿಸಿದರು. ಹೀಗೆ ಹೋಗಿ ಬರುವವನಿಗೆ ಯಾರು ತಾನೇ ಜಮೀನು ಕೊಡುತ್ತಾರೆ?

ಎರಡನೆಯದು ಕಾನೂನು. 1913ರ ಮಲಯ ಮೀಸಲು ಭೂಮಿ ಕಾಯಿದೆಯಿಂದ ವಿಸ್ತಾರವಾದ ಭೂಭಾಗ ಮಲಯರಿಗಷ್ಟೇ ಮೀಸಲಾಯಿತು. ಸ್ಥಳೀಯ ರೈತರ ಜಮೀನು ರಬ್ಬರ್ ಕಂಪನಿಗಳ ಪಾಲಾಗದಂತೆ ತಡೆಯಲು ಅದು ಬೇಕಿತ್ತು ಎಂಬ ವಾದದಲ್ಲಿ ಹುರುಳಿದೆ. ಆದರೆ ವಿಶಾಲ ತೋಟಗಳು ಯುರೋಪಿನ ಕಂಪನಿಗಳ ಕೈಯಲ್ಲೇ ಉಳಿದವು, ಭೂಮಿ ಸಿಗದೆ ಹೋದದ್ದು ಕೂಲಿಗೆ.

ಮಲಯದ ಕೂಲಿದರ ಕಡಿಮೆಯಿತ್ತು ಎಂದೇ ಬಡತನ ಬಂತೇ?

ಕೂಲಿದರ ಕಾರಣವಲ್ಲ, ಈ ತಪ್ಪು ಕಲ್ಪನೆ ಬಹಳ ಕಡೆ ಇದೆ. ತಮಿಳು ನಾಡಿನ ಬರಪೀಡಿತ ಹಳ್ಳಿಗಳಲ್ಲಿ ಸಿಗುತ್ತಿದ್ದುದಕ್ಕಿಂತ ಹೆಚ್ಚು ಸಿಗುತ್ತದೆ ಎಂದೇ ಜನ ಹೋದರು, ಮತ್ತೆ ಮತ್ತೆ ಹೋದರು. ತೊಂದರೆ ಇದ್ದದ್ದು ಕೂಲಿಯ ಹೊರತು ಇನ್ನೇನೂ ಇಲ್ಲದಿರುವುದರಲ್ಲಿ.

ರಬ್ಬರ್ ತೋಟದ ದಿನಚರಿ ನೋಡಿ. ಬೆಳಕು ಹರಿಯುವ ಮುನ್ನ ಹಾಜರಿ, ಅದಕ್ಕೆ ಅಲ್ಲಿ ಪೆರಟ್ಟು ಎನ್ನುತ್ತಾರೆ. ಬಿಸಿಲೇರಿದರೆ ಹಾಲು ಹರಿಯುವುದು ನಿಲ್ಲುತ್ತದೆ, ಹಾಗಾಗಿ ನಸುಕಿನಲ್ಲೇ ತೊಗಟೆ ಕೆತ್ತಿ ಬಟ್ಟಲು ಕಟ್ಟಬೇಕು. ಮತ್ತೆ ಅದೇ ದಾರಿಯಲ್ಲಿ ಬಂದು ಬಟ್ಟಲು ಬರಿದು ಮಾಡಿ, ಬಕೆಟ್ಟಿನಲ್ಲಿ ಹೊತ್ತು ತೂಕಕ್ಕೆ ತರಬೇಕು. ಗಂಡ ಹೆಂಡತಿ ಇಬ್ಬರೂ ಕೆತ್ತುತ್ತಿದ್ದರು, ಮಕ್ಕಳು ಬಟ್ಟಲು ಒರೆಸುತ್ತಿದ್ದರು. ಮಳೆ ಬಂದರೆ ಕೆತ್ತನೆಯಿಲ್ಲ, ಕೆತ್ತನೆ ಇಲ್ಲದಿದ್ದರೆ ಸಂಬಳವಿಲ್ಲ. ವರ್ಷವಿಡೀ ಮಳೆ ಸುರಿಯುವ ದೇಶದಲ್ಲಿ ದಿನಗೂಲಿ ಎಂದರೆ ಏನೆಂದು ಇದರಿಂದಲೇ ತಿಳಿಯುತ್ತದೆ. ಟ್ರಿನಿಡಾಡ್‌ನ ಕಬ್ಬಿನ ಕೂಲಿಗೂ ಕೆಲಸವಿಲ್ಲದ ತಿಂಗಳುಗಳಿದ್ದವು. ಆದರೆ ಅವನ ಹಿತ್ತಲಲ್ಲಿ ಭತ್ತ, ತರಕಾರಿ, ಒಂದು ಹಸು ಇರುತ್ತಿದ್ದವು. ತೋಟದ ಲೈನ್ ಮನೆಯವನ, ಅಂದರೆ ಕಂಪನಿಯ ಸಾಲುಮನೆಯಲ್ಲಿದ್ದವನ ಪಾಲಿಗೆ ಹೆಚ್ಚೆಂದರೆ ಕೈಯಗಲದ ಕೈತೋಟ, ಅದೂ ಕಂಪನಿಯ ನೆಲ.

ಶಾಲೆಗಳು ಏನು ಮಾಡಿದವು?

ಟ್ರಿನಿಡಾಡ್‌ನಲ್ಲಿ ಕೆನಡಾದ ಪ್ರೆಸ್ಬಿಟೇರಿಯನ್ ಪಾದ್ರಿ ಜಾನ್ ಮಾರ್ಟನ್ 1868ರಲ್ಲಿ ಭಾರತೀಯ ಮಕ್ಕಳಿಗಾಗಿ ಕೆಲಸ ಆರಂಭಿಸಿದರು. ಆ ಶಾಲೆಗಳಲ್ಲಿ ಇಂಗ್ಲಿಷ್ ಕಲಿತವರು ಶಿಕ್ಷಕರು, ಗುಮಾಸ್ತರು, ವಕೀಲರು, ವೈದ್ಯರಾದರು. ಮತಾಂತರದ ಒತ್ತಡ ಒಪ್ಪದ ಹಿಂದೂಗಳು ಬಹುಕಾಲ ಹೊರಗುಳಿದರು. 1952ರಲ್ಲಿ ಭದಾಸೆ ಸಾಗನ್ ಮರಾಜ್ ಸನಾತನ ಧರ್ಮ ಮಹಾಸಭಾವನ್ನು ಒಗ್ಗೂಡಿಸಿ ಹಳ್ಳಿ ಹಳ್ಳಿಯಲ್ಲಿ ಶಾಲೆ ಕಟ್ಟಿಸಿದರು. ದನದ ಕೊಟ್ಟಿಗೆ ಎಂದು ಜನ ಅವುಗಳನ್ನು ಆಡಿಕೊಂಡರು, ಆ ಕೊಟ್ಟಿಗೆಗಳಿಂದಲೇ ಒಂದು ಪೀಳಿಗೆ ಮೇಲೆ ಬಂತು. ಇದಕ್ಕೆಲ್ಲ ತೆತ್ತ ಬೆಲೆಯೂ ಇದೆ: ಭೋಜಪುರಿ ಮನೆಮಾತಾಗಿ ಉಳಿಯಲಿಲ್ಲ.

ಮಲಯದ ತೋಟಗಳಲ್ಲಿ ಭಾಷೆ ಉಳಿಯಿತು, ಮೇಲೇರುವ ಮೆಟ್ಟಿಲು ಸಿಗಲಿಲ್ಲ. ಕಾರ್ಮಿಕರ ಮಕ್ಕಳಿಗೆ ಶಾಲೆ ನಡೆಸಬೇಕೆಂಬ ಕಾನೂನು ಪಾಲಿಸಲು ಕಂಪನಿಗಳು ಒಂದು ಕೊಠಡಿ, ಒಬ್ಬ ಮೇಷ್ಟ್ರು ಎಂದು ಕೈತೊಳೆದುಕೊಂಡವು. ಮಲೇಷ್ಯಾದಲ್ಲಿ ಇಂದಿಗೂ 500ಕ್ಕೂ ಹೆಚ್ಚು ತಮಿಳು ಪ್ರಾಥಮಿಕ ಶಾಲೆಗಳಿವೆ. ಪ್ರೌಢಶಾಲೆ ಮಲಯ ಭಾಷೆಯದು. ತಮಿಳು ಶಾಲೆಯಿಂದ ಬಂದ ಅನೇಕ ಮಕ್ಕಳು ಅಲ್ಲಿಗೆ ಸೇರುವ ಮುನ್ನ ಒಂದು ವರ್ಷ ಸೇತುತರಗತಿಯಲ್ಲಿ ಕೂರಬೇಕಾಗಿ ಬಂತು, ಬಡ ಮನೆಯ ಮಕ್ಕಳು ಆ ಹಂತದಲ್ಲೇ ಶಾಲೆ ಬಿಟ್ಟರು. ತಪ್ಪು ತಮಿಳಿನದು ಎಂದು ನಾನು ಒಪ್ಪುವುದಿಲ್ಲ. ಆ ಶಾಲೆಗಳನ್ನು ಬಡವರ ಶಾಲೆಗಳಾಗಿಯೇ ಉಳಿಸಿದ್ದು ತಪ್ಪು.

ಸ್ವಾತಂತ್ರ್ಯ ಬಂದ ಮೇಲೆ ಯಾರ ಮಾತಿಗೆ ಬೆಲೆ ಸಿಕ್ಕಿತು?

ಸಂಖ್ಯೆಯ ಬಲ ಇಲ್ಲಿ ಮುಖ್ಯ. 2011ರ ಜನಗಣತಿಯಲ್ಲಿ ಟ್ರಿನಿಡಾಡ್ ಮತ್ತು ಟೊಬೆಗೊದ ಭಾರತೀಯ ಮೂಲದವರು ಶೇ 35ರಷ್ಟು, 2012ರ ಗಯಾನಾದಲ್ಲಿ ಶೇ 40ರ ಹತ್ತಿರ. ಸಕ್ಕರೆ ಕಾರ್ಮಿಕರ ನಾಯಕ ಬಸದೇವ್ ಪಾಂಡೆ 1995ರಲ್ಲಿ ಟ್ರಿನಿಡಾಡ್‌ನ ಪ್ರಧಾನಿಯಾದರು. ಕಮಲಾ ಪರ್ಸಾದ್ ಬಿಸೇಸರ್ 2010ರಲ್ಲಿ ಒಮ್ಮೆ, 2025ರಲ್ಲಿ ಇನ್ನೊಮ್ಮೆ ಪ್ರಧಾನಿಯಾದರು. ಮಲೇಷ್ಯಾದಲ್ಲಿ ಭಾರತೀಯರು ಶೇ 7ರೊಳಗೆ, ಅದೂ ಎಲ್ಲ ಕ್ಷೇತ್ರಗಳಲ್ಲಿ ಚದುರಿಹೋಗಿದ್ದಾರೆ.

1969ರ ಮೇ 13ರಂದು ಮಲಯರು ಮತ್ತು ಚೀನೀಯರ ನಡುವೆ ನಡೆದ ಗಲಭೆಯ ನಂತರ ಮಲೇಷ್ಯಾ 1971ರಲ್ಲಿ ಹೊಸ ಆರ್ಥಿಕ ನೀತಿ ತಂದಿತು. ಆಗ ಬಡವರ ಪ್ರಮಾಣ ಮಲಯರಲ್ಲಿ ಸುಮಾರು ಶೇ 65, ಭಾರತೀಯರಲ್ಲಿ ಶೇ 39, ಚೀನೀಯರಲ್ಲಿ ಶೇ 26. ಮಲಯರ ಬಡತನ ಅತಿ ಹೆಚ್ಚಿದ್ದರಿಂದ ನೀತಿ ಅವರ ಕಡೆ ನೋಡಿತು. ಅದರಲ್ಲಿ ನ್ಯಾಯವಿತ್ತು, ಆ ನೀತಿಯಿಂದ ಬಡತನ ನಿಜಕ್ಕೂ ಇಳಿಯಿತು. ಆದರೆ ಕಂಪನಿ ಷೇರುಗಳಲ್ಲಿ ಶೇ 1ರಷ್ಟೇ ಪಾಲಿದ್ದ ಭಾರತೀಯರನ್ನು, ವ್ಯಾಪಾರದಲ್ಲಿ ಬಲವಾಗಿದ್ದ ಚೀನೀಯರ ಜೊತೆ ಸೇರಿಸಿ ಇತರರು ಎಂದು ಬರೆದರು. ರಬ್ಬರ್ ತೋಟದ ಕೂಲಿ ಆ ಪಟ್ಟಿಯಲ್ಲಿ ಯಾರ ಕಣ್ಣಿಗೂ ಬೀಳಲಿಲ್ಲ.

ಪೌರತ್ವದ ಪ್ರಶ್ನೆ ಇನ್ನೂ ನೋವಿನದು. ತೋಟದಲ್ಲೇ ಹುಟ್ಟಿ, ಜನನ ಪತ್ರವಿಲ್ಲದೆ ಬೆಳೆದವರು ಕಾಗದದ ಲೆಕ್ಕದಲ್ಲಿ ವಿದೇಶಿಗಳಾದರು. 1969ರ ನಂತರ ಪೌರರಲ್ಲದವರಿಗೆ ಕೆಲಸದ ಪರವಾನಗಿ ಕಡ್ಡಾಯವಾದಾಗ ಸಾವಿರಾರು ಜನ ಕಂಡರಿಯದ ಭಾರತಕ್ಕೆ ಹಡಗು ಹತ್ತಿದರು. ಉಳಿದವರಲ್ಲಿ ಕೆಲವರ ಮೊಮ್ಮಕ್ಕಳು ಇಂದಿಗೂ ಗುರುತಿನ ಚೀಟಿಗಾಗಿ ಕಚೇರಿ ಅಲೆಯುತ್ತಿದ್ದಾರೆ. ಚೀಟಿ ಇಲ್ಲವೆಂದರೆ ಬ್ಯಾಂಕ್ ಸಾಲವಿಲ್ಲ, ಸರ್ಕಾರಿ ಮನೆಯಿಲ್ಲ, ಕಾಯಂ ಕೆಲಸವಿಲ್ಲ.

ತೋಟಗಳು ಮುಚ್ಚಿದಾಗ ಏನಾಯಿತು?

ಎರಡು ಸಮುದಾಯಗಳನ್ನು ಹೋಲಿಸಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಎರಡೂ ಕಡೆ ತೋಟ ಮುಚ್ಚಿತು, ಪರಿಣಾಮ ಮಾತ್ರ ಬೇರೆ ಬೇರೆ.

ಟ್ರಿನಿಡಾಡ್‌ನ ಸರ್ಕಾರಿ ಸಕ್ಕರೆ ಕಂಪನಿ ಕರೋನಿ 2003ರಲ್ಲಿ ಬಾಗಿಲು ಹಾಕಿತು. ಸುಮಾರು 9,000 ಜನರ ಕೆಲಸ ಹೋಯಿತು. ಪರಿಹಾರದ ಹಣ, ಜೊತೆಗೆ ಎರಡು ಎಕರೆ ಕೃಷಿ ಭೂಮಿಯ ಗುತ್ತಿಗೆ ಎಂಬ ಮಾತು ಸಿಕ್ಕಿತು. ಆ ಭೂಮಿ ಕೈಗೆ ಬರಲು ವರ್ಷಗಟ್ಟಲೆ ಕಾಯಬೇಕಾಯಿತು, ನ್ಯಾಯಾಲಯಕ್ಕೆ ಹೋಗಬೇಕಾಯಿತು. ಆದರೂ ಹೆಚ್ಚಿನವರಿಗೆ ಸ್ವಂತ ಸೂರಿತ್ತು. 1970ರ ದಶಕದಲ್ಲಿ ಎಣ್ಣೆಯ ಹಣ ಹರಿದಾಗಲೇ ಚಗ್ವಾನಸ್ ಸುತ್ತಲಿನ ಎಷ್ಟೋ ಕಬ್ಬಿನ ಮನೆತನಗಳು ಲಾರಿ, ಟ್ಯಾಕ್ಸಿ, ಅಂಗಡಿ, ಕಟ್ಟಡದ ಗುತ್ತಿಗೆಗಳಿಗೆ ಕೈ ಹಾಕಿದ್ದವು.

ಗಯಾನಾದಲ್ಲಿ 2016 ಮತ್ತು 2017ರಲ್ಲಿ ನಾಲ್ಕು ಸಕ್ಕರೆ ಎಸ್ಟೇಟುಗಳು ಮುಚ್ಚಿ ಸುಮಾರು 7,000 ಜನ ಕೆಲಸ ಕಳೆದುಕೊಂಡರು. ಬರ್ಬೀಸ್ ಕಡೆಯ ಊರುಗಳಲ್ಲಿ ಅಂಗಡಿಗಳು ಖಾಲಿ ಹೊಡೆದವು, ಮಕ್ಕಳ ಶಾಲೆ ತಪ್ಪಿತು. ಆದರೆ ಮನೆ ಬಿಟ್ಟು ಏಳಿ ಎಂದು ಹೇಳುವವರು ಇರಲಿಲ್ಲ. ಏಕೆಂದರೆ 1950ರ ದಶಕದಲ್ಲೇ ಸಕ್ಕರೆ ಕಾರ್ಮಿಕರ ಕಲ್ಯಾಣ ನಿಧಿಯಿಂದ ಬಡ್ಡಿಯಿಲ್ಲದ ಸಾಲ ಕೊಟ್ಟು, ಲೋಜಿ ಎಂದು ಕರೆಯುತ್ತಿದ್ದ ಹಳೆಯ ಸಾಲುಮನೆಗಳಿಂದ ಜನರನ್ನು ನಿವೇಶನಗಳಿಗೆ ಸಾಗಿಸಲಾಗಿತ್ತು. ಅದರ ಹಿಂದೆ 1948ರ ಜೂನ್ 16ರಂದು ಎನ್ಮೋರ್‌ನಲ್ಲಿ ಗುಂಡಿಗೆ ಬಲಿಯಾದ ಐವರು ಕಾರ್ಮಿಕರ ರಕ್ತವಿದೆ.

ಈಗ ಮಲೇಷ್ಯಾ. ರಬ್ಬರ್ ಹೋಗಿ ತಾಳೆ ಬಂತು, ತಾಳೆಗೆ ಕಡಿಮೆ ಆಳು ಸಾಕು, ಆ ಆಳೂ ಇಂಡೋನೇಷ್ಯಾದಿಂದ, ಬಾಂಗ್ಲಾದೇಶದಿಂದ ಬಂದವರು. ನಗರಗಳು ಬೆಳೆದಂತೆ ತೋಟಗಳು ಬಡಾವಣೆ, ಗಾಲ್ಫ್ ಮೈದಾನ, ವಿಮಾನ ನಿಲ್ದಾಣಗಳಾದವು. 1980ರಿಂದ ಎರಡು ದಶಕಗಳಲ್ಲಿ ಹೀಗೆ ಸುಮಾರು 3 ಲಕ್ಷ ಭಾರತೀಯರು ಎದ್ದುಹೋದರು ಎಂಬ ಅಂದಾಜಿದೆ. ಮಲೇಷ್ಯಾದ ಆಡಳಿತ ರಾಜಧಾನಿ ಪುತ್ರಜಯ ನಿಂತಿರುವುದು ಪ್ರಾಂಗ್ ಬೆಸಾರ್ ಮುಂತಾದ ತೋಟಗಳ ಮೇಲೆ. ಅಲ್ಲಿ ತಲೆಮಾರುಗಳಿಂದ ದುಡಿದ ನೂರಾರು ಕುಟುಂಬಗಳನ್ನು ಡೆಂಗ್ಕಿಲ್‌ನ ತಾಮನ್ ಪರ್ಮಾತಾ ಎಂಬ ಅಗ್ಗದ ವಸತಿ ಸಮುಚ್ಚಯಕ್ಕೆ ಸಾಗಿಸಿದರು. ಗೋಡೆಗಳು ಬಿರುಕು ಬಿಟ್ಟವು, ನಿವಾಸಿಗಳು ವರ್ಷಾನುಗಟ್ಟಲೆ ದೂರು ಹೊತ್ತು ತಿರುಗಿದರು. ಕೆಲಸ ಹೋದ ದಿನವೇ ಮನೆ, ಗುಡಿ, ಶಾಲೆ, ನೆರೆಹೊರೆ ಎಲ್ಲ ಹೋಗುವುದೆಂದರೆ ಇದು. ಕೌಲಾಲಂಪುರದ ಹೊರವಲಯದ ಗುಡಿಸಲುಗಳಲ್ಲಿ, ಅಗ್ಗದ ಫ್ಲಾಟುಗಳಲ್ಲಿ ಬೆಳೆದ ಯುವಕರು ಗ್ಯಾಂಗುಗಳ ಕೈಗೆ ಸಿಕ್ಕರು ಎಂದು ಬೈಯುವವರು ಇದನ್ನು ಮರೆಯಬಾರದು. 2007ರ ನವೆಂಬರ್ 25ರಂದು ಹಿಂದೂಗಳ ಹಕ್ಕುಗಳಿಗಾಗಿ ಹೋರಾಡುವ ಹಿಂಡ್ರಾಫ್ ಸಂಘಟನೆಯ ಕರೆಗೆ ಓಗೊಟ್ಟು ಸಾವಿರ ಸಾವಿರ ಜನ ಬೀದಿಗಿಳಿದದ್ದು ಈ ಬೇಗುದಿಯಿಂದಲೇ.

ಆದರೆ ಅಂಕಿಅಂಶಗಳಲ್ಲಿ ಮಲೇಷ್ಯಾದ ಭಾರತೀಯರ ಆದಾಯ ಚೆನ್ನಾಗಿದೆಯಲ್ಲ?

ಇದೆ. 2019ರಲ್ಲಿ ಭಾರತೀಯ ಕುಟುಂಬಗಳ ಮಧ್ಯಮ ಮಾಸಿಕ ಆದಾಯ 5,981 ರಿಂಗಿಟ್, ಭೂಮಿಪುತ್ರರದು, ಅಂದರೆ ಮಲಯರು ಮತ್ತು ಇತರ ಮೂಲನಿವಾಸಿಗಳದು 5,420, ಚೀನೀಯರದು 7,391. ಅಂಕಿ ಸುಳ್ಳಲ್ಲ, ಆದರೆ ಭಾರತೀಯ ಎಂಬ ಒಂದೇ ಪದದಡಿ ಬೇರೆ ಬೇರೆ ದಾರಿಯಲ್ಲಿ ಬಂದವರಿದ್ದಾರೆ. ಸಾಲ ವ್ಯವಹಾರದ ಚೆಟ್ಟಿಯಾರರು, ರೈಲ್ವೆ ಮತ್ತು ಸರ್ಕಾರಿ ಕಚೇರಿಗಳಿಗೆ ಬಂದ ಜಾಫ್ನಾ ತಮಿಳರು, ತೋಟದ ಕಿರಾಣಿಗಳಾಗಿ, ಅಂದರೆ ಗುಮಾಸ್ತರಾಗಿ ಬಂದ ಮಲಯಾಳಿಗಳು, ಪೊಲೀಸ್ ಕೆಲಸದ ಸಿಖ್ಖರು. ದೇಶದ ಅತಿ ಶ್ರೀಮಂತರಲ್ಲಿ ಒಬ್ಬರಾಗಿದ್ದ ಆನಂದ ಕೃಷ್ಣನ್ ಜಾಫ್ನಾ ಮೂಲದವರು. ವೈದ್ಯರು, ವಕೀಲರಲ್ಲಿ ಭಾರತೀಯರು ಇಂದಿಗೂ ತಮ್ಮ ಸಂಖ್ಯೆಗೆ ಮೀರಿ ಇದ್ದಾರೆ. ಅವರ ಆದಾಯ ಸೇರಿಸಿ ತೆಗೆದ ಅಂಕಿಯಲ್ಲಿ ಲೈನ್ ಮನೆಯಿಂದ ಎದ್ದುಬಂದ ಕುಟುಂಬ ಕಾಣುವುದಿಲ್ಲ. ಅಲ್ಲದೆ ಪಟ್ಟಣದಲ್ಲಿ ಬಾಡಿಗೆ ಕಟ್ಟುವವನ 3,000 ರಿಂಗಿಟ್ಟಿಗೂ ಹಳ್ಳಿಯಲ್ಲಿ ಸ್ವಂತ ಮನೆಯಿರುವವನ 3,000 ರಿಂಗಿಟ್ಟಿಗೂ ಬೆಲೆ ಒಂದೇ ಅಲ್ಲ. ಆದಾಯದ ಜೊತೆ ಆಸ್ತಿಯನ್ನೂ ಕೇಳಿ.

ಸಮುದಾಯವೇ ಏನಾದರೂ ಮಾಡಿಕೊಳ್ಳಬಹುದಿತ್ತಲ್ಲವೇ?

ಮಾಡಿತು. 1950ರ ದಶಕದಲ್ಲಿ ಬ್ರಿಟಿಷ್ ಕಂಪನಿಗಳು ತೋಟಗಳನ್ನು ತುಂಡು ತುಂಡಾಗಿ ಮಾರಿ ಹೊರಟಾಗ ಸಚಿವ ವಿ. ಟಿ. ಸಂಬಂಧನ್ ಅವರು 1960ರಲ್ಲಿ ಭೂಮಿ ಸಹಕಾರ ಸಂಘ ಕಟ್ಟಿದರು. ತೋಟದಿಂದ ತೋಟಕ್ಕೆ ಹೋಗಿ ಕಾರ್ಮಿಕರಿಂದ ತಿಂಗಳಿಗೆ ಹತ್ತು ರಿಂಗಿಟ್ಟಿನಂತೆ ಷೇರು ಹಣ ಕೂಡಿಸಿ, ಆ ಹಣದಿಂದ ತೋಟಗಳನ್ನೇ ಕೊಂಡರು. ಇಡೀ ಕಥೆಯಲ್ಲಿ ನನಗೆ ಅತ್ಯಂತ ಹೆಮ್ಮೆ ತರುವ ಭಾಗ ಇದು. ಆದರೆ ಮಾರಾಟಕ್ಕೆ ಬಂದ ಭೂಮಿಯ ಮುಂದೆ ಬಡವರ ಹತ್ತು ಹತ್ತು ರಿಂಗಿಟ್ ಎಷ್ಟು ದೂರ ಹೋದೀತು? 1982ರಲ್ಲಿ ಮಲೇಷ್ಯಾ ಭಾರತೀಯ ಕಾಂಗ್ರೆಸ್ ಪಕ್ಷದ ಆಶ್ರಯದಲ್ಲಿ ಮೈಕಾ ಹೋಲ್ಡಿಂಗ್ಸ್ ಎಂಬ ಕಂಪನಿ ಹುಟ್ಟಿತು. ಸಾವಿರಾರು ಸಾಮಾನ್ಯ ಕುಟುಂಬಗಳು ಒಡವೆ ಅಡವಿಟ್ಟು, ಸಾಲ ಮಾಡಿ ಹಣ ಹಾಕಿದವು. ನಿರೀಕ್ಷಿಸಿದ ಲಾಭ ಬರಲಿಲ್ಲ. ಅಂದು ಕಳೆದುಕೊಂಡ ವಿಶ್ವಾಸ ಹಣಕ್ಕಿಂತ ದೊಡ್ಡದು.

ಹಾಗಾದರೆ ಜಮೀನಿದ್ದ ಗಯಾನಾದವರು ಊರು ಬಿಟ್ಟು ಓಡಿದ್ದೇಕೆ?

ಜಮೀನೊಂದೇ ಸಾಲದು ಎಂಬುದಕ್ಕೆ ಗಯಾನಾ ಸಾಕ್ಷಿ. 1964ರಿಂದ 1985ರವರೆಗೆ ಫೋರ್ಬ್ಸ್ ಬರ್ನಮ್ ಆಳ್ವಿಕೆಯಲ್ಲಿ ಚುನಾವಣೆಗಳು ಹೆಸರಿಗಷ್ಟೇ ನಡೆದವು, ಆರ್ಥಿಕತೆ ಕುಸಿಯಿತು. 1980ರ ದಶಕದಲ್ಲಿ ಗೋಧಿ ಹಿಟ್ಟಿನ ಆಮದನ್ನೇ ನಿಷೇಧಿಸಿದರು. ರೊಟ್ಟಿಯೇ ಊಟವಾಗಿದ್ದ ಮನೆಗಳಲ್ಲಿ ಹೆಂಗಸರು ಅಕ್ಕಿ ಹಿಟ್ಟು ಲಟ್ಟಿಸಲು ಹೆಣಗಿದರು, ಗಡಿಯಾಚೆಯಿಂದ ಕದ್ದು ತಂದ ಹಿಟ್ಟಿಗೆ ಸಿಕ್ಕಿಬಿದ್ದವರು ಶಿಕ್ಷೆ ಅನುಭವಿಸಿದರು. ಜನ ನ್ಯೂಯಾರ್ಕ್‌ಗೆ, ಟೊರಾಂಟೊಗೆ ಹೊರಟರು. ನ್ಯೂಯಾರ್ಕ್‌ನ ಕ್ವೀನ್ಸ್‌ನಲ್ಲಿರುವ ರಿಚ್ಮಂಡ್ ಹಿಲ್ ಇಂದು ಪುಟ್ಟ ಗಯಾನಾ. ಅಲ್ಲಿಂದ ಬರುವ ಡಾಲರು ಬರ್ಬೀಸ್‌ನ ಎಷ್ಟೋ ಮನೆಗಳ ಮಾಳಿಗೆ ಎಬ್ಬಿಸಿದೆ.

ಜಮೈಕಾದ ಭಾರತೀಯರು?

ಅಲ್ಲಿಗೆ ಹೋದವರು ಸುಮಾರು 36,000. ಸಂಖ್ಯೆ ಚಿಕ್ಕದು, ಸ್ವಂತ ಹಳ್ಳಿಗಳು ಟ್ರಿನಿಡಾಡ್‌ನಂತೆ ಬೆಳೆಯಲಿಲ್ಲ. ವೆಸ್ಟ್ ಇಂಡೀಸ್ ಎಂದು ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕಬಾರದು.

ಕರ್ನಾಟಕದಲ್ಲಿ ಕುಳಿತು ಇದನ್ನು ಓದುವುದೇಕೆ?

ಲೈನ್ ಮನೆ ಎಂಬ ಮಾತು ಕೊಡಗು, ಚಿಕ್ಕಮಗಳೂರಿನವರಿಗೆ ಹೊಸದೇ? ನಮ್ಮ ಕಾಫಿ ತೋಟಗಳಲ್ಲೂ ಕೆಲಸ ಇರುವವರೆಗೆ ಮನೆ. ಸುಳ್ಯ, ಪುತ್ತೂರಿನ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ಫಲವಾಗಿ ಶ್ರೀಲಂಕಾದಿಂದ ಬಂದ ತಮಿಳು ಕುಟುಂಬಗಳಿವೆ. ಅವರ ಅಜ್ಜಂದಿರೂ ಕಂಗಾಣಿಯ ಹಿಂದೆಯೇ ಸಮುದ್ರ ದಾಟಿದವರು. ನಿವೃತ್ತಿಯ ಮೇಲೆ ಈ ಮನೆ ಯಾರದು ಎಂಬ ಅವರ ಪ್ರಶ್ನೆಗೂ ಡೆಂಗ್ಕಿಲ್‌ನವರ ಪ್ರಶ್ನೆಗೂ ವ್ಯತ್ಯಾಸ ಹೆಚ್ಚಿಲ್ಲ.

ಇಂದು ಒಟ್ಟಿನಲ್ಲಿ ಯಾರು ಮುಂದಿದ್ದಾರೆ?

ಯಾರನ್ನು ಯಾರ ಜೊತೆ ಹೋಲಿಸುತ್ತೀರಿ ಎಂಬುದರ ಮೇಲೆ ಉತ್ತರ. ಟ್ರಿನಿಡಾಡ್‌ನ ಭಾರತೀಯ ಮೂಲದವರು ವ್ಯಾಪಾರ, ವೃತ್ತಿ, ರಾಜಕಾರಣ ಮೂರರಲ್ಲೂ ದೇಶದ ಉಳಿದವರಿಗೆ ಸರಿಸಮ. ಗಯಾನಾದಲ್ಲಿ 2019ರ ಡಿಸೆಂಬರಿನಲ್ಲಿ ಎಣ್ಣೆ ಹರಿಯತೊಡಗಿದ ಮೇಲೆ ದೇಶದ ಲೆಕ್ಕವೇ ಬದಲಾಗಿದೆ, ಆದರೆ ಆ ಹಣ ಕಬ್ಬು ಕಡಿಯುವವನ ಮನೆ ತಲುಪುವುದು ಇನ್ನೂ ಬಾಕಿ. ಮಲೇಷ್ಯಾದ ರಸ್ತೆ, ಆಸ್ಪತ್ರೆ, ಉದ್ಯೋಗಾವಕಾಶ ಗಯಾನಾಕ್ಕಿಂತ ಬಹುಕಾಲದಿಂದ ಮೇಲು. ತೋಟದ ಕುಟುಂಬದ ಮಗಳು ಕಾರ್ಖಾನೆಗೋ ಸಿಂಗಪುರಕ್ಕೋ ಹೋಗಿ ಅಪ್ಪನಿಗಿಂತ ಹೆಚ್ಚು ದುಡಿಯುತ್ತಾಳೆ. 2013ರಲ್ಲಿ ಕನಿಷ್ಠ ವೇತನ ಕಾನೂನು ಬಂದದ್ದೂ ನೆರವಾಯಿತು. ಆದರೆ ದೇಶ ಅಷ್ಟು ಬೆಳೆದರೂ ಅದರ ಮೊದಲ ಸಂಪತ್ತನ್ನು ಮರದಿಂದ ಇಳಿಸಿದವರ ಹೆಸರಿನಲ್ಲಿ ಒಂದು ನಿವೇಶನವೂ ಇಲ್ಲದಿರುವುದನ್ನು ನಾನು ಪ್ರಗತಿ ಎನ್ನಲಾರೆ. ಅವರಿಗೆ ಮೊದಲು ಬೇಕಿರುವುದು ಎರಡೇ: ಮನೆಯ ಹಕ್ಕುಪತ್ರ, ಪೌರತ್ವದ ಗುರುತಿನ ಚೀಟಿ. ಎರಡನ್ನೂ ಕೊಡಬಲ್ಲದ್ದು ಸರ್ಕಾರ ಮಾತ್ರ.